ಬುತ್ತಿ ಯಾರಿಗೆ, ಡಬ್ಬಿ ಯಾರಿಗೆ

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರಬೇಕು ಎಂಬುದು ನನ್ನ ಅಭಿಪ್ರಾಯ. ಪಕ್ಕದವರ ಹೊಸ ಮನೆ, ಭಾವಮೈದುನನ ಬೋರ್‌ವೆಲ್ಲಿಗೆ ಸಿಕ್ಕ ನೀರು, ನನ್ನದೇ ವಯಸ್ಸಿನವರ ತಲೆಗೂದಲು, ಇಂಥವುಗಳನ್ನು ನೋಡಿ ಹೊಟ್ಟೆ ಉರಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ಹೊಟ್ಟೆ ಉರಿದದ್ದು ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟೊಂದನ್ನು ಕಂಡು. ಅದೂ ನನ್ನ ಮನೆಯಲ್ಲೇ, ನನ್ನ ಹೆಂಡತಿಯೇ ಬಡಿದ ರೊಟ್ಟಿ. ಹೇಳಿಕೊಳ್ಳಲು ನಾಚಿಕೆ. ಹೇಳದಿದ್ದರೆ ಇನ್ನಷ್ಟು ಉರಿ.

ನಾನು ಬೈಲಹೊಂಗಲದಲ್ಲಿ ವಿಮೆ ಏಜೆಂಟ. ಬೆಳಿಗ್ಗೆ ಬೈಕ್ ಹತ್ತಿ ಸಂಪಗಾಂವ, ಮುನವಳ್ಳಿ, ಸವದತ್ತಿ ಎಂದು ತಿರುಗಿ ಸಂಜೆ ಮನೆ ಸೇರುತ್ತೇನೆ. ಮನುಷ್ಯ ಎಲ್ಲೆಲ್ಲಿ ಜಾರಬಹುದು, ಏನೇನು ಹೊತ್ತಿಕೊಳ್ಳಬಹುದು, ಯಾವ ಟೈರು ಯಾವ ತಿರುವಿನಲ್ಲಿ ಒಡೆಯಬಹುದು ಎಂದು ಜನರಿಗೆ ವಿವರಿಸುವುದೇ ನನ್ನ ಕಸುಬು. ಊರೂರಲ್ಲಿ ಭಯ ಮಾರಿ, ಮಾರಾಟವಾಗದೆ ಉಳಿದದ್ದನ್ನು ಮನೆಗೆ ತರುತ್ತೇನೆ. ಅದನ್ನು ಇಪ್ಪತ್ತೇಳು ವರ್ಷಗಳಿಂದ ಬಳಸುತ್ತಿರುವವಳು ನನ್ನ ಹೆಂಡತಿ ಕಸ್ತೂರಿ.

ಈರಪ್ಪ ಸುರೇಬಾನದವನು, ರಾಮದುರ್ಗದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ನನ್ನ ಜೊತೆ ಕುಳಿತವನು. ರಾಮದುರ್ಗದಲ್ಲಿ ಪೈಪು, ಮೊಳೆ, ನಲ್ಲಿ ಮಾರುವ ಅಂಗಡಿ ಇಟ್ಟು ಚೆನ್ನಾಗಿಯೇ ಇದ್ದ. ಎರಡು ವರ್ಷದ ಹಿಂದೆ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡ. ಸೀಟು ಕಿತ್ತು, ಹಾಸಿಗೆ ಹಾಕಿ, ಗ್ಯಾಸ್ ಒಲೆ ಕೂರಿಸಿ, ಮೇಲೆ ನೀರಿನ ಟ್ಯಾಂಕು ಬಿಗಿದು, ಹೆಂಡತಿ ಶಾಂತಕ್ಕನನ್ನು ಕೂರಿಸಿಕೊಂಡು ಹೊರಟೇಬಿಟ್ಟ. ಹಳದಿ ಬಣ್ಣ ಹಾಗೇ ಉಳಿಸಿದ. ಹಿಂದೆ ಬರೆದಿದ್ದ 'ನಿಧಾನ, ಮಕ್ಕಳಿದ್ದಾರೆ' ಎಂಬುದನ್ನೂ ಅಳಿಸಲಿಲ್ಲ. ಕೇಳಿದರೆ, "ಇರಲಿ ಬಿಡೋ, ಹಿಂದ ಬರಾವ್ರು ಹಾರ್ನ್ ಹೊಡ್ಯಾಂಗಿಲ್ಲ" ಎಂದ. ಆ ವ್ಯಾನಿಗೆ ವಿಮೆ ಮಾಡಿಸಿದವನು ನಾನೇ. ಅರ್ಜಿ ತುಂಬುವಾಗ, ಆರು ತಿಂಗಳೊಳಗೆ ಗೇರ್‌ಬಾಕ್ಸ್ ಕೈಯಲ್ಲಿ ಹಿಡಿದುಕೊಂಡು ಬರುತ್ತಾನೆ ಎಂದು ಮನಸ್ಸಿನಲ್ಲೇ ಭವಿಷ್ಯ ನುಡಿದಿದ್ದೆ.

ಬರಲಿಲ್ಲ. ಬಂದದ್ದು ಫೋಟೋಗಳು. ಬೆಳಿಗ್ಗೆ ಮೊಬೈಲ್ ತೆರೆದರೆ ಸಮುದ್ರದ ದಂಡೆಯಲ್ಲಿ ಅವನ ಲುಂಗಿ ಒಣಗುತ್ತಿರುತ್ತಿತ್ತು. ಇನ್ನೊಂದು ದಿನ ಮರುಭೂಮಿಯಲ್ಲಿ ಶಾಂತಕ್ಕ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಸ್ತೂರಿ ಆ ಫೋಟೋಗಳನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುವಳು. ನಾನೂ ದೊಡ್ಡದು ಮಾಡಿ ನೋಡುತ್ತಿದ್ದೆ, ಟೈರುಗಳನ್ನು. ಸವೆದಿರಲಿಲ್ಲ ಎಂಬುದು ನನಗೆ ಸಮಾಧಾನ ತರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನಾಲ್ಕೈದು ದಿನದ ಹಿಂದೆ ಆ ವ್ಯಾನು ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಬಟ್ಟೆ ಒಗೆದುಕೊಂಡು, ನೀರು ತುಂಬಿಸಿಕೊಂಡು, ಎರಡು ದಿನ ಇದ್ದು ಹೋಗುವ ವಿಚಾರ ಅವರದು. ಕಸ್ತೂರಿ ಮೊದಲ ದಿನ ವ್ಯಾನಿನೊಳಗೆ ಹೊಕ್ಕವಳು ಒಂದು ತಾಸು ಹೊರಗೆ ಬರಲಿಲ್ಲ. ಎರಡನೆಯ ದಿನ ಒಲೆಯ ಮುಂದೆ ಕುಳಿತವಳು ಏಳಲಿಲ್ಲ. ಎಳ್ಳು ಹಚ್ಚಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಮಾದ್ಲಿ, ಕರಿಗಡಬು. ವಾಸನೆಗೆ ನಾನು ಅಡುಗೆಮನೆಗೆ ಹೋಗಿ ಒಂದು ಕರಿಗಡಬಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ್ರಿ, ಅದು ಬುತ್ತಿ" ಎಂದಳು. "ಊರ ಬಿಟ್ಟು ಹೋಗಾವ್ರಿಗೆ ಕಟ್ಟೂದು."

"ನಾ ದಿನಾ ಊರ ಬಿಟ್ಟು ಹೋಗ್ತೇನಲ್ಲ?"

"ಸಂಜಿಕ ಮನಿಗೆ ಬರಾವ್ರಿಗೆ ಡಬ್ಬಿ ಸಾಕ್ರಿ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇದರ ಹಿಂದೆ ಒಂದು ಕಥೆ ಇದೆ. ಮದುವೆಯಾದ ಮೂರನೆಯ ವರ್ಷ ನಾವು ಗೋಕರ್ಣಕ್ಕೆಂದು ಹೊರಟಿದ್ದೆವು. ಅವಳು ಹಿಂದಿನ ದಿನವೆಲ್ಲ ಕುಳಿತು ಬುತ್ತಿ ಕಟ್ಟಿದ್ದಳು. ಬಸ್ಸು ಕಿತ್ತೂರು ಮುಟ್ಟುವಷ್ಟರಲ್ಲಿ ನನಗೆ ಗ್ಯಾಸಿನ ರೆಗ್ಯುಲೇಟರ್ ಆರಿಸಿದ್ದೇನೋ ಇಲ್ಲವೋ ಎಂಬ ಅನುಮಾನ ಬಂತು. ಅದು ಕಿತ್ತೂರು, ಚೆನ್ನಮ್ಮ ರಾಣಿ ಕುದುರೆಯ ಮೇಲೆ ಕುಳಿತು ಕತ್ತಿ ಎತ್ತಿದ ಊರು. ಅಲ್ಲಿ ನಾನು ಚೀಲ ಎತ್ತಿಕೊಂಡು ಕೆಳಗಿಳಿದೆ. ಮನೆಗೆ ಬಂದು ನೋಡಿದರೆ ರೆಗ್ಯುಲೇಟರ್ ಆರಿಯೇ ಇತ್ತು. ಕಸ್ತೂರಿ ಸೀರೆ ಬದಲಿಸಿದಳು. ಅಡುಗೆಮನೆಯ ನೆಲದ ಮೇಲೆ ಬುತ್ತಿ ಬಿಚ್ಚಿ ಇಬ್ಬರಿಗೂ ಬಡಿಸಿದಳು. ಸಮುದ್ರದ ಮುಂದೆ ಉಣ್ಣಬೇಕಾದ ರೊಟ್ಟಿಯನ್ನು ಸಿಲಿಂಡರಿನ ಮುಂದೆ ಉಂಡೆವು. ಆಮೇಲೆ ಅವಳು ನನಗೆ ಬುತ್ತಿ ಕಟ್ಟಲಿಲ್ಲ.

ಆ ಸಂಜೆ ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಶಾಂತಕ್ಕ ಕಸ್ತೂರಿಗೆ, "ವೈನಿ, ನೀವೂ ಬರ್ರಲ್ಲ. ನಾಳೆ ನವಿಲುತೀರ್ಥದ ಡ್ಯಾಮಿನ್ಯಾಗ ಸಂಜಿತನಕ ಇರ್ತೇವಿ, ಆಮ್ಯಾಲ ಸುರೇಬಾನ, ಬದಾಮಿ. ನಾಕ ದಿನದಾಗ ತಿರುಗಿ ತಂದು ಬಿಡ್ತೇವಿ" ಎಂದಳು.

ಈರಪ್ಪ ನನ್ನ ಕಡೆ ತಿರುಗಿ, "ನೀನೂ ಬಾರಲೇ ಶಂಕ್ರ್ಯಾ. ಗಾಡ್ಯಾಗ ಸಾಲಿ ಹುಡುಗರ ಬೆಂಚ ಒಂದ ಕೀಳದ ಹಂಗ ಬಿಟ್ಟೇನಿ" ಎಂದ.

ನಿಜ ಹೇಳಬೇಕೆಂದರೆ ಎರಡು ವರ್ಷದಿಂದ ಈ ಮಾತಿಗಾಗಿಯೇ ಕಾದಿದ್ದೆ. ಆದರೂ ಬಾಯಿಂದ ಬಂದದ್ದು, "ನಾ ಒಲ್ಲೆಪಾ, ನೀವ ಹೋಗಿ ಬರ್ರಿ."

ನಮ್ಮ ಕಡೆ 'ಒಲ್ಲೆ' ಎನ್ನುವುದು ಉತ್ತರವಲ್ಲ, ಮಾತಿನ ಆರಂಭ. ಎರಡನೆಯ ಹೋಳಿಗೆ ಬಂದಾಗ ಉಣ್ಣುವವನು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಬೆರಳಿನ ಸಂದಿಯಲ್ಲಿ ತುರುಕಬೇಕು. ಮೂರನೆಯ ಸಲಕ್ಕೆ "ನಿಮ್ಮ ಮಾತ ಮುರಿಯಾಕ ಬರಾಂಗಿಲ್ಲ" ಎನ್ನುತ್ತ ತಿನ್ನಬೇಕು. ಮೊದಲ ಸಲಕ್ಕೇ ಹೂಂ ಎಂದವನನ್ನು ಬರಗೆಟ್ಟವನೆನ್ನುತ್ತಾರೆ. ನಾನು ಸಂಪ್ರದಾಯದಂತೆ ಕೈ ಅಡ್ಡ ಹಿಡಿದು, ತುರುಕಲಿ ಎಂದು ಕಾದೆ.

"ಆತ ಬಿಡು" ಎಂದು ಈರಪ್ಪ ಚಹಾ ಕುಡಿದ.

ಎರಡು ವರ್ಷ ರಸ್ತೆಯ ಮೇಲಿದ್ದು, ಯಾರೂ ಯಾರನ್ನೂ ಒತ್ತಾಯಿಸದ ಊರುಗಳಲ್ಲಿ ತಿರುಗಿ, ಇವನು ನಮ್ಮ ರೀತಿಯನ್ನೇ ಮರೆತಿದ್ದ. ನಾನು ಇನ್ನೊಮ್ಮೆ ಕೆಮ್ಮಿದೆ. "ಮತ್ತ ನಿಮಗ ತ್ರಾಸ ಬ್ಯಾರೆ" ಎಂದು ಬಾಗಿಲು ಸ್ವಲ್ಪ ತೆರೆದೂ ಇಟ್ಟೆ. ಅವನು ಬಿಸ್ಕೀಟು ಅದ್ದುತ್ತಿದ್ದ. ಕಸ್ತೂರಿ ಮಾತ್ರ ತಾಟಿನ ಮೇಲೆ ಕೈಯನ್ನೇ ಹಿಡಿಯಲಿಲ್ಲ. "ನಾ ಬರತೇನಿ" ಎಂದಳು, ಮೊದಲ ಸಲಕ್ಕೇ.

ಮರುದಿನ ಬೆಳಿಗ್ಗೆ ನೋಡಿದರೆ ಗಂಟುಗಳು ಎರಡು. ದೊಡ್ಡದು ವ್ಯಾನ್ ಹತ್ತಿತು. ಸಣ್ಣದನ್ನು ಕಸ್ತೂರಿ ನನ್ನ ಮುಂದೆ ಇಟ್ಟಳು.

"ನನಗ್ಯಾಕ ಬುತ್ತಿ? ನಾ ಎಲ್ಲಿ ಹೊಂಟೇನಿ?" ಎಂದೆ.

"ಹಸದಾಗ ಬಿಚ್ರಿ" ಎಂದು ಹೋದಳು. 'ನಿಧಾನ, ಮಕ್ಕಳಿದ್ದಾರೆ' ಎಂಬ ಹಳದಿ ಬೆನ್ನು ತಿರುವಿನಲ್ಲಿ ಮರೆಯಾಯಿತು. ಊರಲ್ಲೇ ಉಳಿದವನಿಗೆ ಬುತ್ತಿ! ಇದಕ್ಕಿಂತ ದೊಡ್ಡ ಚುಚ್ಚುಮಾತು ನನಗೆ ಗೊತ್ತಿಲ್ಲ. ಸಿಟ್ಟಿನಿಂದ ಅದನ್ನು ಮುಟ್ಟಲೇ ಇಲ್ಲ. ಅವರು ಈಗ ಮುನವಳ್ಳಿ ದಾಟಿರಬಹುದು, ಈಗ ನೀರಿಗೆ ಕಾಲು ಬಿಟ್ಟು ಕುಳಿತಿರಬಹುದು ಎಂದು ಲೆಕ್ಕ ಹಾಕುತ್ತ ಕುಳಿತೆ. ಕುಳಿತು ಸಾಕಾಗಿ ಚಹಾ ಮಾಡೋಣವೆಂದು ಒಲೆ ಹೊತ್ತಿಸಿದರೆ ಹೊತ್ತಲಿಲ್ಲ. ಬಗ್ಗಿ ನೋಡಿದೆ. ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿತ್ತು. ರೆಗ್ಯುಲೇಟರ್ ಇರಲೇ ಇಲ್ಲ. ಕಳ್ಳರು ಎಂದುಕೊಂಡೆ. ಟಿವಿ ಬಿಟ್ಟು, ತಿಜೋರಿ ಬಿಟ್ಟು ರೆಗ್ಯುಲೇಟರ್ ಕದಿಯುವ ಕಳ್ಳ ಎಂಥವನಿರಬಹುದು ಎಂದು ಮನೆಯೆಲ್ಲ ಹುಡುಕಿದೆ. ಮಂಚದ ಕೆಳಗೂ ನೋಡಿದೆ. ದಣಿದು, ಹಸಿದು, ಕೊನೆಗೆ ಮಾನ ಬಿಟ್ಟು ಬುತ್ತಿ ಬಿಚ್ಚಿದೆ.

ರೊಟ್ಟಿಯ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ರೆಗ್ಯುಲೇಟರ್ ಇತ್ತು.

ಈರಪ್ಪ ಮಾಡದ ಒತ್ತಾಯವನ್ನು ಇವಳು ಬಟ್ಟೆಯಲ್ಲಿ ಕಟ್ಟಿಟ್ಟು ಹೋಗಿದ್ದಳು. ಗಂಟನ್ನು ಮತ್ತೆ ಕಟ್ಟಿದೆ. ರೆಗ್ಯುಲೇಟರನ್ನು ಪ್ಯಾಂಟಿನ ಜೇಬಿಗೆ ಇಳಿಸಿದೆ. ಬಾಗಿಲಿಗೆ ಕೀಲಿ ಹಾಕಿ, ಎಳೆದು ನೋಡಿ, ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಅನುಮಾನ ಬಂದಾಗಲೆಲ್ಲ ಜೇಬು ಮುಟ್ಟಿಕೊಂಡೆ. ಮುನವಳ್ಳಿಯಲ್ಲಿ ಪರಿಚಯದವರೊಬ್ಬರ ಅಂಗಳದಲ್ಲಿ ನಾಲ್ಕು ದಿನಕ್ಕೆಂದು ಬೈಕ್ ಬಿಟ್ಟು, ಟಂಟಂ ಆಟೊ ಹಿಡಿದು ಡ್ಯಾಮು ಮುಟ್ಟಿದೆ.

ವ್ಯಾನಿನ ನೆರಳಿನಲ್ಲಿ ಮೂವರೂ ಊಟಕ್ಕೆ ಕುಳಿತಿದ್ದರು. ಕಸ್ತೂರಿ ನನ್ನನ್ನು ನೋಡಲಿಲ್ಲ, ನನ್ನ ಜೇಬಿನ ಉಬ್ಬನ್ನು ನೋಡಿ ಸರಿದು ಜಾಗ ಮಾಡಿದಳು.

"ಒಲ್ಲೆ ಅಂದಿದ್ದೆಲ್ಲೋ?" ಎಂದ ಈರಪ್ಪ.

"ಒಂದ ಸಲ ಕರದರ ಯಾವ ಮಗಾ ಬರ್ತಾನಲೇ" ಎಂದು ಕುಳಿತೆ. ಅವರ ಬುತ್ತಿಯಲ್ಲಿ ಕರಿಗಡಬು ಎಂಟಿದ್ದವು, ನನ್ನದರಲ್ಲಿ ನಾಲ್ಕು. ಎಣಿಸಿದ್ದೇನೆ.

ಇದನ್ನು ಬದಾಮಿಯ ಹತ್ತಿರ, ವ್ಯಾನಿನ ಸಾಲಿ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಗಾಳಿ ಚೆನ್ನಾಗಿದೆ. ಕಸ್ತೂರಿ ಡ್ರೈವರಿನ ಪಕ್ಕದ ಸೀಟಿನಲ್ಲಿ ಕಾಲು ಮಡಚಿ ಕುಳಿತಿದ್ದಾಳೆ. ಒಂದೇ ತೊಂದರೆ ಎಂದರೆ, ಈರಪ್ಪ ಒಲೆ ಆರಿಸುತ್ತಾನೆಯೇ ಹೊರತು ಸಿಲಿಂಡರಿನ ಕಡೆ ನೋಡುವುದೇ ಇಲ್ಲ. ಓಡುವ ಗಾಡಿ, ಹಿಂದೆ ಹಾಸಿಗೆ, ಪಕ್ಕದಲ್ಲೇ ಗ್ಯಾಸು. ಈಗ ಶಾಂತಕ್ಕ ಚಹಾ ಮಾಡಲೆಂದು ಕಡ್ಡಿಪೆಟ್ಟಿಗೆ ಹಿಡಿದು, ಒಲೆಯ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದಾಳೆ. ಹುಡುಕಲಿ. ಅದು ನನ್ನ ಇನ್ನೊಂದು ಜೇಬಿನಲ್ಲಿದೆ. ಚಹಾ ಬೇಕಾದವರು ನನ್ನನ್ನು ಕೇಳಬೇಕು. ಕಡಿಮೆಯೆಂದರೂ ಮೂರು ಸಲ.