ಮೆಹಕರಕ್ಕೆ ಹೋದ ಮೆಕ್ಸಿಕೊ ಸಾರು

ಡಾಕ್ಟರುಗಳ ಬಾಯಿಂದ ಬರುವ ಮಾತುಗಳಲ್ಲಿ ನಾನು ಹೆಚ್ಚು ಹೆದರುವುದು ಆಪರೇಷನ್ ಎಂಬ ಮಾತಿಗಲ್ಲ. "ಏನು ಬೇಕಾದರೂ ತಿನ್ನಲಿ" ಎಂಬ ಮಾತಿಗೆ. ಬದುಕಿಡೀ ನಮ್ಮ ಉಪ್ಪಿಗೆ, ಎಣ್ಣೆಗೆ, ಕೊನೆಗೆ ಮಾವಿನಹಣ್ಣಿನ ಒಂದು ಹೋಳಿಗೂ ಕತ್ತರಿ ಹಾಕುತ್ತ ಬಂದ ಈ ಮಹಾನುಭಾವರು ಒಂದು ದಿನ ಇದ್ದಕ್ಕಿದ್ದಂತೆ ಉದಾರಿಗಳಾಗಿ, ಕನ್ನಡಕ ಒರೆಸಿಕೊಳ್ಳುತ್ತ, ಮನೆಗೆ ಕರೆದುಕೊಂಡು ಹೋಗಿ ಮನಸ್ಸಿಗೆ ಬಂದದ್ದು ಕೊಡಿ ಅಂದರೆ ಅಲ್ಲಿಗೆ ಕಥೆ ಮುಗಿಯಿತು ಎಂದೇ ಲೆಕ್ಕ. ನನಗೆ ಸಕ್ಕರೆ ಕಾಯಿಲೆ. ಪ್ರತಿ ತಿಂಗಳೂ ಡಾಕ್ಟರ ಕೈಲಿ ಬೈಸಿಕೊಳ್ಳುತ್ತೇನೆ. ಬೈಸಿಕೊಂಡು ಹೊರಗೆ ಬಂದವನು, ಇನ್ನೂ ಸ್ವಲ್ಪ ದಿನ ಇರುತ್ತೇನೆ ಎಂಬ ಸಮಾಧಾನದಲ್ಲಿ ಬೀದರಿನ ಬಸ್‌ಸ್ಟ್ಯಾಂಡಿನ ಎದುರು ನಿಂತು ಅರ್ಧ ಕಪ್ ಚಹಾ ಕುಡಿಯುತ್ತೇನೆ. ಸಕ್ಕರೆ ಹಾಕಿಸಿಕೊಂಡೇ ಕುಡಿಯುತ್ತೇನೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಈ ಮಾತನ್ನು ನನ್ನ ಅಕ್ಕ ಶೇವಂತಾಳ ಬಗ್ಗೆ ಹೇಳಿದರು. ಅಕ್ಕ ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಮಗ ಸೊಸೆಯ ಜೊತೆ ಇದ್ದಳು. ನಮ್ಮವ್ವ ತೀರಿಕೊಂಡಾಗ ನಾನು ಮೂರನೇ ಇಯತ್ತೆ. ಆಗಿನಿಂದ ಅಕ್ಕನೇ ಜೋಳದ ಹೊಲಗಳಲ್ಲಿ ಕಳೆ ಕಿತ್ತು, ತನ್ನ ಲಗ್ನವಾದ ಮೇಲೂ ನನ್ನ ಕೈ ಬಿಡದೆ ಓದಿಸಿ, ನನ್ನನ್ನು ವಿಜ್ಞಾನದ ಮಾಸ್ತರನನ್ನಾಗಿ ಮಾಡಿದಳು. ಅವಳ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಕತ್ತರಿಸುವ ಕಾಲ ಮೀರಿತ್ತು. ಮನೆಗೆ ಕರೆದೊಯ್ದ ಮೇಲೆ ಅವಳು ಊಟವನ್ನೇ ಬಿಟ್ಟಳು. ಗಂಜಿ, ಹಾಲು, ಸಜ್ಜಕ ಎಲ್ಲಕ್ಕೂ ಮುಖ ತಿರುಗಿಸಿ ಮಲಗುತ್ತಾಳೆ ಎಂದು ಸೊಸೆ ಫೋನಿನಲ್ಲಿ ಅಳುತ್ತಿದ್ದಳು. ಒಂದು ದಿನ ನನ್ನ ಮಗಳು ಮೈತ್ರಿ ಫೋನನ್ನು ಅಕ್ಕನ ಕಿವಿಗೇ ಹಿಡಿಸಿ, ಅತ್ತಿ, ಏನು ತಿನ್ನಬೇಕನಿಸುತ್ತದೆ ಎಂದು ಕೇಳಿದಳು. "ನಾಲಿಗಿ ಸತ್ತದವ್ವ. ಖಾರಂದು ಏನರ ಇದ್ರ ತಿಂತಿನಿ" ಎಂದಳಂತೆ ಅಕ್ಕ. ಖಾರದ್ದು ಅಂದರೆ ಯಾವುದು ಎಂದು ಮೈತ್ರಿ ನನ್ನನ್ನು ಕೇಳಿದಳು. ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಯಾಕೆ ಹಾಗೆಂದೆ ಎಂದು ಹೇಳಬೇಕಾದರೆ ನನ್ನ ಮೊದಲ ನೌಕರಿಯ ಊರಾದ ಔರಾದಕ್ಕೆ ಹೋಗಬೇಕು. ನಾವು ಬೌದ್ಧರು, ಬಾಬಾಸಾಹೇಬರ ಮಂದಿ. ಮೂರು ದಿನ ತಿರುಗಿದರೂ ಬಾಡಿಗೆಗೆ ಖೋಲಿ ಸಿಕ್ಕಿರಲಿಲ್ಲ. ನಾಲ್ಕನೆಯ ದಿನ ಒಬ್ಬ ಹಿರಿಯರು ನಾನು ಯಾವ ಪೈಕಿ ಎಂದು ಕೇಳಿದಾಗ "ವಿಜ್ಞಾನದ ಮಾಸ್ತರರಿ" ಎಂದೆ. ಅವರು ಯಾಕೋ ಮುಂದೆ ಕೇಳದೆ ಕೀಲಿ ಕೊಟ್ಟರು. ಆ ಬೇಸಿಗೆಯಲ್ಲಿ ಅಕ್ಕ ಎರಡು ಬಸ್ಸು ಬದಲಿಸಿ ನನ್ನನ್ನು ನೋಡಲು ಬಂದಳು. ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೆತ್ತಿಸಿದ್ದು, ಅವಳ ಮದುವೆಯದು. ಒಳಗೆ ಚಾನಿ. ಚಾನಿ ಅಂದರೆ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಸವರಿ, ಹಗ್ಗದ ಮೇಲೆ ಒಣಗಿಸಿದ ಎಮ್ಮೆಯ ಮಾಂಸ. ಕೆಂಡದ ಮೇಲೆ ಸುಟ್ಟು ರೊಟ್ಟಿಯ ಜೊತೆ ತಿನ್ನಬೇಕು, ಇಲ್ಲವೇ ಖಾರದ ಎಲುಬಿನ ಸಾರಿಗೆ ಹಾಕಿ ಕುದಿಸಬೇಕು. ಅಕ್ಕ ದಿನವಿಡೀ ಕಾಗೆ ಓಡಿಸಿ ಒಣಗಿಸಿದ್ದಳು. ಮನೆಯ ಮಾಲೀಕರು ಕಟ್ಟೆಯ ಮೇಲೆಯೇ ಕುಳಿತಿದ್ದರು. ಡಬ್ಬಿಯೊಳಗೆ ಏನಿದೆ ಎಂದು ಸುಮ್ಮನೆ ಮಾತಿಗೆ ಕೇಳಿದರು. ನನ್ನ ಬಾಯಿಂದ ಹುಣಸೆಹಣ್ಣು ಎಂದು ಬಂತು. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಹೌದ್ರಿ, ನಮ್ಮ ಗಿಡದ್ದೇ ಅದರಿ" ಎಂದಳು. ಅವರು ತಲೆಯಾಡಿಸಿದರು.

ಅವಳು ಸಂಜೆಯ ಬಸ್ಸಿಗೆ ಹೊರಟಳು. ಮರುದಿನ ಬೆಳಿಗ್ಗೆ ನಾನು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಸಂತೆ ಮೈದಾನದ ಹಿಂದೆ ಹೋಗಿ ಚಾನಿಯನ್ನೆಲ್ಲ ಸುರಿದು ಬಂದೆ. ಡಬ್ಬಿ ಚೆನ್ನಾಗಿತ್ತು, ಅದನ್ನು ತೊಳೆದು ಇಟ್ಟುಕೊಂಡೆ. ನನ್ನ ಮರ್ಯಾದೆಯ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಆದರೆ ಔರಾದದ ನಾಯಿಗಳ ಕೃತಜ್ಞತೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರು ನಾಯಿಗಳು ಅಂದಿನಿಂದ ನನ್ನನ್ನು ಬಿಡಲೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಇರುತ್ತಿದ್ದವು. ಸಾಲೆಗೆ ಹೊರಟರೆ ಹಿಂದೆ ಬರುತ್ತಿದ್ದವು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲಿನ ಕೊನೆಗೆ ಕುಳಿತು ನನ್ನನ್ನೇ ನೋಡುತ್ತಿದ್ದವು. ಸುಮ್ಮನೆ ಮನೆಯೊಳಗೆ ಕುಳಿತು ತಿಂದಿದ್ದರೆ ಒಂದು ಹುಳಕ್ಕೂ ಗೊತ್ತಾಗುತ್ತಿರಲಿಲ್ಲ. ಎಸೆದದ್ದರಿಂದ ಇಡೀ ಗಲ್ಲಿಗೆ ಗೊತ್ತಾಯಿತು. ಮುಂದಿನ ತಿಂಗಳು ಅಕ್ಕ ಬಂದಾಗ ಮಾಲೀಕರ ಹೆಂಡತಿ ನಗುತ್ತಲೇ, "ನಿಮ್ಮ ಹುಣಸಿಹಣ್ಣು ನಮ್ಮ ಓಣಿ ನಾಯಿಗೋಳಿಗೆ ಭಾಳ ರುಚಿ ಹತ್ತ್ಯಾದ ನೋಡ್ರಿ" ಎಂದರು. ಖೋಲಿಯನ್ನು ಮಾತ್ರ ಅವರು ಬಿಡಿಸಲಿಲ್ಲ, ಅದು ಅವರ ದೊಡ್ಡತನ.

ಅಕ್ಕನಿಗೆ ತಿಳಿಯಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಯಾರ ಮನೆಗೂ ಬರಿಗೈಲಿ ಹೋಗುವುದಿಲ್ಲ. ಏನೂ ಇಲ್ಲದ ದಿನ ಸೆರಗಿನ ತುದಿಯಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಹೆಸರುಕಾಳಾದರೂ ಇರುತ್ತದೆ. ಯಾರಾದರೂ ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಅದನ್ನೂ ಖಾಲಿ ಹಿಂದಿರುಗಿಸುವುದಿಲ್ಲ, ತಳದಲ್ಲಿ ಒಂದು ಚೂರು ಬೆಲ್ಲವನ್ನಾದರೂ ಹಾಕಿರುತ್ತಾರೆ. ಅಂಥ ಅಕ್ಕ ಅಂದಿನಿಂದ ಮೂವತ್ತು ವರ್ಷ ನನ್ನ ಮನೆಗೆ ಎರಡೂ ಕೈ ಖಾಲಿ ಬೀಸಿಕೊಂಡು ಬಂದಳು. ಮೈತ್ರಿಯ ಹೆಸರಿಡುವ ದಿನವೂ ಹಾಗೆಯೇ ಬಂದಳು, ಬೀದರಿನಲ್ಲಿ ಮನೆ ಕಟ್ಟಿಸಿದಾಗಲೂ ಹಾಗೆಯೇ. ಬಂದರೆ ನಗುತ್ತಿದ್ದಳು, ಅಡುಗೆಗೆ ನಿಲ್ಲುತ್ತಿದ್ದಳು, ಮಗುವನ್ನು ಎತ್ತಿ ಆಡಿಸುತ್ತಿದ್ದಳು. ಕೈಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ನನ್ನ ಹೆಂಡತಿ ಸುಜಾತಾ, ನಿಮ್ಮಕ್ಕನದು ಸ್ವಲ್ಪ ಜಿಪುಣ ಕೈ ಎಂದು ತಿಳಿದಿದ್ದಳು. ನಾನು ಅವಳನ್ನು ತಿದ್ದಲಿಲ್ಲ. ಅಕ್ಕನ ಆ ಸ್ಟೀಲಿನ ಡಬ್ಬಿಗೆ ನಾವು ಸಕ್ಕರೆ ತುಂಬಿದ್ದೆವು. ಭಾನುವಾರ ಮಟನ್, ನಡುವೆ ಕೋಳಿ ನಡೆಯುತ್ತಿತ್ತು. 'ದೊಡ್ಡದು', ಅಂದರೆ ಎಮ್ಮೆಯದು, ಮಾತ್ರ ನಮ್ಮ ಹೊಸಿಲು ದಾಟಬಾರದು ಎಂದು ಕಾನೂನು ಮಾಡಿದವನು ನಾನು.

ಈ ಕಾನೂನನ್ನು ಮೈತ್ರಿ ಒಂದೇ ಭಾನುವಾರದಲ್ಲಿ ಮುರಿದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಉಳಿದ ಹೊತ್ತಿನಲ್ಲಿ ಮೊಬೈಲಿನೊಳಗೆ ಅಡುಗೆ ನೋಡುತ್ತಾಳೆ. ಖಾರದ್ದು ಎಂದು ಹುಡುಕಿ ಹುಡುಕಿ ಒಂದನ್ನು ಹಿಡಿದಳು. ಮೆಕ್ಸಿಕೊದವರ ಕೆಂಪು ಮೆಣಸಿನಕಾಯಿ ಸಾರಿನಲ್ಲಿ ಎಲುಬು ಸಮೇತ ದೊಡ್ಡ ಮಾಂಸವನ್ನು ನಾಲ್ಕು ತಾಸು ಕುದಿಸಿ, ಅದರೊಳಗೆ ಜಪಾನಿನವರ ಶಾವಿಗೆ ಬಿಟ್ಟು, ಮೇಲೆ ಅರ್ಧ ಬೆಂದ ಮೊಟ್ಟೆ ಇಡುವುದಂತೆ. ಈ ಎರಡು ದೇಶದವರು ಎಲ್ಲಿ ಭೇಟಿಯಾದರೋ, ಯಾರು ಮಧ್ಯಸ್ಥಿಕೆ ಮಾಡಿದರೋ ನನಗೆ ತಿಳಿಯದು. ಆದರೆ ನನ್ನ ನೀಚತನ ನೋಡಿ: ಮೆಹಕರದ ಎಲುಬಿನ ಸಾರು ಎಂದಿದ್ದರೆ ಬೇಡವೇ ಬೇಡ ಎನ್ನುತ್ತಿದ್ದ ನಾನು, ಮೆಕ್ಸಿಕೊ ಎಂದ ಕೂಡಲೇ ಸರಿ, ಆಗಲಿ ಎಂದೆ. ಹೆಲ್ಮೆಟ್ಟು ತೆಗೆಯದೆ, ಮುಖಕ್ಕೆ ಮಾಸ್ಕು ಬಿಗಿದು ಬೀದರಿನ ಹಳೇ ಊರಿನ ಮಾಂಸದಂಗಡಿಗೆ ಹೋದೆ. ಅಂಗಡಿಯವನು ನನ್ನ ಕಣ್ಣು ನೋಡಿಯೇ "ಸರ್, ನೀವಾ?" ಎಂದ. ನನ್ನ ಹಳೆಯ ವಿದ್ಯಾರ್ಥಿ. ಎಮ್ಮೆಯದೇ, ಕಾಯ್ದೆ ಪ್ರಕಾರದ್ದೇ ಎಂದು ನನಗೆ ಧೈರ್ಯ ಹೇಳಿ, ಗುರುಗಳೆಂದು ಎರಡು ಮಜ್ಜೆಯ ಎಲುಬು ಹೆಚ್ಚಿಗೆ ಹಾಕಿದ.

ಮೆಕ್ಸಿಕೊದ ಮೂರು ಜಾತಿಯ ಮೆಣಸಿನಕಾಯಿ ಬೀದರಿನಲ್ಲಿ ಎಲ್ಲಿ ಸಿಗಬೇಕು? ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು ಎಂದು ತೀರ್ಮಾನವಾಯಿತು. ನೆನೆಸಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಲವಂಗ, ಚಕ್ಕೆ ಎಲ್ಲ ರುಬ್ಬಿ ಹಾಕಿದ ಮೇಲೆ, ಜಪಾನಿನ ಗೌರವ ಕಾಪಾಡಲು ಮೈತ್ರಿ ಎರಡು ಚಮಚ ಸೋಯಾ ಸಾಸ್ ಬಿಟ್ಟಳು. ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿ ಮುಗಿಸೋಣ ಎಂದರೆ ಕೇಳಲಿಲ್ಲ, ಸಣ್ಣ ಉರಿಯೇ ಆಗಬೇಕಂತೆ. ಸುಜಾತಾ ಕಿಟಕಿಗಳನ್ನೆಲ್ಲ ಹಾಕಿ ಊದುಬತ್ತಿ ಹಚ್ಚಿದಳು. ಎರಡನೆಯ ತಾಸಿಗೆ ಎಲುಬಿನ ಘಮ ಊದುಬತ್ತಿಯನ್ನು ಮೀರಿ ಕಾಂಪೌಂಡು ಜಿಗಿಯಿತು. ಪಕ್ಕದ ಮನೆಯ ಹಿರಿಯರು, ಬಸವಣ್ಣನವರ ಭಕ್ತರು, ತಿನ್ನುವುದರಲ್ಲಿ ಈರುಳ್ಳಿಯಾಚೆ ಹೋಗದವರು, ಗೋಡೆಯಾಚೆಯಿಂದ ಏನು ವಿಶೇಷ ಎಂದು ವಿಚಾರಿಸಿದರು. ಜಪಾನಿ ಅಡುಗೆ ಎಂದೆ. ಜಪಾನಿನವರು ಬಹಳ ಆರೋಗ್ಯವಂತರು, ಮಕ್ಕಳು ಇಂಥದ್ದನ್ನೆಲ್ಲ ಕಲಿಯಬೇಕು ಎಂದು ಅವರು ಮೆಚ್ಚಿಕೊಂಡರು. ನಾನು ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದೆ. ಒಳಗಿದ್ದದ್ದು ನಮ್ಮವ್ವನ ಸಾರು. ಅದೇ ಬಣ್ಣ, ಅದೇ ಜಿಡ್ಡು. ಕಣ್ಣಲ್ಲಿ ನೀರು ಬಂತು. ಗುಂಟೂರು ಮೆಣಸಿನಕಾಯಿ ಜಾಸ್ತಿಯಾಗಿದೆ ಎಂದು ಮಗಳನ್ನು ಬೈದೆ.

ಒಯ್ಯಲು ನಾನೇ ಹಟ ಮಾಡಿ ಸಕ್ಕರೆ ಸುರಿದು ಅಕ್ಕನ ಡಬ್ಬಿಯನ್ನು ತೊಳೆಸಿದೆ. ಸಾರು ಬೇರೆ, ಶಾವಿಗೆ ಬೇರೆ ಒಯ್ಯಬೇಕೆಂದು ಮೈತ್ರಿ ಸಾರಿ ಸಾರಿ ಹೇಳಿದ್ದಳು. ಎರಡೆರಡು ಡಬ್ಬಿ ಯಾರು ಹೊರಬೇಕು ಎಂದು ನಾನು ಎಲ್ಲವನ್ನೂ ಒಂದರಲ್ಲೇ ಸುರಿದೆ. ಮರುದಿನ ಮುಂಜಾನೆ ಭಾಲ್ಕಿಯ ಬಸ್ಸಿನಲ್ಲಿ ಕುಳಿತು ಒಂದು ಪ್ರತಿಜ್ಞೆಯನ್ನೂ ಮಾಡಿದೆ: ಇವತ್ತು ಯಾರಾದರೂ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದರೆ ಎಮ್ಮೆ ಮಾಂಸದ ಸಾರು, ನಮ್ಮಕ್ಕನಿಗೆ ಒಯ್ಯುತ್ತಿದ್ದೇನೆ ಎಂದು ದನಿ ಎತ್ತಿ ಹೇಳಬೇಕು. ಹಲಬರ್ಗಾ ದಾಟುವ ತನಕ ಮನಸ್ಸಿನಲ್ಲೇ ತಾಲೀಮು ಮಾಡಿದೆ. ಕೇಳುವವರಿಗಾಗಿ ಕಾದೆ. ಎಲ್ಲರೂ ಮೊಬೈಲು ನೋಡುತ್ತಿದ್ದರು. ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಮೆಹಕರ ಮುಟ್ಟಿದರೂ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಅಕ್ಕ ಅಂಗಳದ ಹುಣಸೆಮರದ ನೆರಳಿನಲ್ಲಿ ಹೊರಸಿನ ಮೇಲೆ ಇದ್ದಳು. ಹಾಸಿಗೆಗೂ ಅವಳಿಗೂ ವ್ಯತ್ಯಾಸ ಉಳಿದಿರಲಿಲ್ಲ. ಡಬ್ಬಿಯನ್ನು ಮುಂದಿಟ್ಟೆ. ಅವಳು ಬೆರಳಿನಿಂದ ತನ್ನ ಹೆಸರಿನ ಚುಕ್ಕಿಗಳನ್ನು ಸವರಿ, "ಸಕ್ರಿ ಯಾದರಾಗ ಹಾಕಿ ಬಂದಿ?" ಎಂದಳು. ಮುಚ್ಚಳ ತೆಗೆದರೆ ಶಾವಿಗೆ ಸಾರನ್ನೆಲ್ಲ ಕುಡಿದು ಉಬ್ಬಿ ಕುಳಿತಿತ್ತು. ಸೊಸೆ ಬಿಸಿನೀರು ಬೆರೆಸಿ, ಸೋಸಿ, ಎಲುಬು ಹಿಂಡಿ ಒಂದು ಬಟ್ಟಲು ಸಾರು ಮಾಡಿದಳು. ನಾನೇ ಚಮಚದಿಂದ ಕುಡಿಸಿದೆ. ಮೊದಲನೆಯದಕ್ಕೆ ಅಕ್ಕ ಕಣ್ಣು ಮುಚ್ಚಿದಳು. ಮೂರನೆಯದಕ್ಕೆ ಹಣೆಯ ಮೇಲೆ ಬೆವರು ಬಂತು. ಬಟ್ಟಲು ಮುಗಿಯಿತು. ಮೂಗು ಒರೆಸಿಕೊಂಡು, ಇದು ಯಾವ ಊರಿನ ಅಡುಗೆ ಎಂದು ಕೇಳಿದಳು. ಮೆಕ್ಸಿಕೊ, ಜಪಾನು ಎಂದು ವಿವರಿಸಿದೆ. ಅಕ್ಕ ಖಾಲಿ ಬಟ್ಟಲು ನೋಡುತ್ತ ಕೇಳಿದಳು.

"ಅಲ್ಲೀನೂ ನಮ್ಮಂಥಾ ಮಂದಿ ಅದಾರೇನೋ?"

ಇರಬೇಕು ಎಂದೆ. ಈಗಲೇ ಹೇಳಿಬಿಡಬೇಕು ಎಂದುಕೊಂಡು, "ಅಕ್ಕಾ, ಔರಾದದಾಗ ನಾ..." ಎಂದು ಶುರು ಮಾಡಿದೆ. ಅವಳು ಕೈ ಅಲ್ಲಾಡಿಸಿದಳು. "ನಾಯಿಗೋಳು ತಿಂದವಲ್ಲ. ಒಂದರ ಹೊಟ್ಟಿಗಿ ಹೋಯ್ತು, ಬಿಡು." ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ತಪ್ಪೊಪ್ಪಿಗೆ ಅಷ್ಟಕ್ಕೇ ಮುಗಿಯಿತು. ಅವಳು ಸೊಸೆಯನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿ ಮರದ ಕಡೆ ತಿರುಗಿ ಮಲಗಿದಳು. ಅವಳು ಹೊಟ್ಟೆ ತುಂಬ ಉಂಡದ್ದು ಅದೇ ಕೊನೆ. ದೀಪಾವಳಿ ಅವಳಿಗೆ ಸಿಗಲಿಲ್ಲ.

ಹೊರಡುವಾಗ ಸೊಸೆ ಚೀಲವನ್ನು ಕೈಗಿತ್ತಳು. ಡಬ್ಬಿ ಅಲ್ಲಿಯೇ ಇರಲಿ, ಅಕ್ಕನದು ಎಂದೆ. ಅವಳೇ ಕೊಡು ಅಂದಿದ್ದಾಳೆ ಎಂದಳು. ಚೀಲ ಭಾರವಿತ್ತು. ಬಸ್ಸು ಮೆಹಕರ ಬಿಟ್ಟ ಮೇಲೆ ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದೆ. ಬೀಜ ತೆಗೆದು, ಉಪ್ಪು ಹಾಕಿ, ಒತ್ತಿ ಒತ್ತಿ ತುಂಬಿದ ಹುಣಸೆಹಣ್ಣು. ಅವಳ ಗಿಡದ್ದೇ. ಮೂವತ್ತು ವರ್ಷದ ಮೇಲೆ ಅಕ್ಕ ನನ್ನ ಮನೆಗೆ ಏನನ್ನೋ ಕೊಟ್ಟು ಕಳಿಸಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ, ವಯಸ್ಸಿನ ನಾಚಿಕೆಯನ್ನೂ ಬಿಟ್ಟು ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಭಾಲ್ಕಿಯಿಂದ ಬೀದರಿಗೆ ಬರುವಾಗ ಪಕ್ಕದ ಸೀಟಿನಲ್ಲಿ ಒಬ್ಬ ವಯಸ್ಸಾದವರು ಕುಳಿತರು. ಹೋಗುವಾಗ ಸಾರು ಚೆಲ್ಲಿ ಚೀಲವೆಲ್ಲ ಎಲುಬಿನ ವಾಸನೆ ಹಿಡಿದಿತ್ತು. ಅವರು ಎರಡು ಸಲ ಮೂಗು ಏರಿಸಿ, "ಡಬ್ಯಾಗ ಏನದರಿ?" ಎಂದರು. ಮುಂಜಾನೆಯಿಂದ ತಾಲೀಮು ಮಾಡಿ ಕಾದಿದ್ದ ಪ್ರಶ್ನೆ.

"ಹುಣಸಿಹಣ್ಣರಿ" ಎಂದೆ. "ನಮ್ಮಕ್ಕನ ಗಿಡದ್ದು."

ಅವರು ತಲೆಯಾಡಿಸಿದರು. ಔರಾದದ ಮಾಲೀಕರು ಹೀಗೆಯೇ ತಲೆಯಾಡಿಸಿದ್ದರು. ಅವರೂ ನಂಬಿರಲಿಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಸ್ವಲ್ಪ ಹೊತ್ತಿಗೆ ಪಕ್ಕದವರು ಎದ್ದು ಮುಂದಿನ ಸೀಟಿಗೆ ಹೋಗಿ ಕುಳಿತರು. ಮುಚ್ಚಳ ತೆಗೆದು ತೋರಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮಾಂಸವೆಂದೇ ತಿಳಿಯಲಿ ಎಂದು ತೆಗೆಯಲಿಲ್ಲ. ನನ್ನ ಕೈಲಾದ ಧೈರ್ಯ ಅಷ್ಟೇ.