ಈಜಿಪ್ಟಿನ ತಕ್ಕಡಿ ಮತ್ತು ನನ್ನ ಮೂರು ತಿಂಗಳ ಶುಗರ್

ಮುದಿ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿತರೆ ಅದನ್ನು ಮನೆಯವರಿಂದ ಬಚ್ಚಿಡಬೇಕು. ನಾನು ಬಚ್ಚಿಡಲಿಲ್ಲ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತ ವಾರದಲ್ಲೇ ಮೊಮ್ಮಗಳು ದಿಯಾ ನನ್ನನ್ನು ಗುಮಾಸ್ತೆಯಾಗಿ ನೇಮಿಸಿಕೊಂಡಳು. ಬಹರೈನಿನ ನಮ್ಮ ಕನ್ನಡದವರ ಕೂಟದಲ್ಲಿ ಅವಳು ಪ್ರಾಚೀನ ಈಜಿಪ್ಟಿನ ಬಗ್ಗೆ ಪ್ರಶ್ನೋತ್ತರ ನಡೆಸಬೇಕಿತ್ತು. ಅವಳಿಗೆ ವಿಷಯ ಗೊತ್ತು, ಕನ್ನಡ ಬರೆಯಲು ಬಾರದು. ನನಗೆ ಕನ್ನಡ ಗೊತ್ತು, ವಿಷಯ ಬಾರದು. ಇಬ್ಬರನ್ನೂ ಕೂಡಿಸಿದರೆ ಹೇಗೋ ಒಬ್ಬ ವಿದ್ವಾಂಸೆ ಆಗುತ್ತಿದ್ದಳು.

ಮಮ್ಮಿ ಮಾಡುವಾಗ ಮೆದುಳನ್ನು ಮೂಗಿನಿಂದ ಎಳೆದು ಬಿಸಾಡುತ್ತಿದ್ದರಂತೆ, ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರಂತೆ. ನನ್ನ ಯಜಮಾನರು ಬದುಕಿದ್ದಾಗಲೇ ಈ ಪದ್ಧತಿಯಲ್ಲಿದ್ದರು. ನೆಂಟರು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದರು. ರಾಜರ ಗೋರಿ ಕಟ್ಟುವವರು ರಜೆಗೆ ಕಾರಣ ಬರೆಸುತ್ತಿದ್ದರಂತೆ: ಕಣ್ಣುನೋವು, ಚೇಳು ಕಡಿತ, ಮನೆಯಲ್ಲಿ ಬಿಯರ್ ಮಾಡುವುದುಂಟು. ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಮ್ಯಾನೇಜರಾಗಿರುವ ಮಗ ಇದನ್ನು ಕೇಳಿ, “ಅವ್ರಾದ್ರೂ ಸತ್ಯ ಹೇಳ್ತಿದ್ರು” ಎಂದು ನಿಟ್ಟುಸಿರು ಬಿಟ್ಟ.

ಆಮೇಲೆ ಬಂತು ತಕ್ಕಡಿ. ಸತ್ತವನು ದೇವತೆಗಳ ಮುಂದೆ ನಿಂತು ‘ನಾನು ಇದನ್ನು ಮಾಡಿಲ್ಲ’ ಎಂದು ನಲವತ್ತೆರಡು ಸಲ ಹೇಳಬೇಕಂತೆ. ಅವನ ಹೃದಯವನ್ನು ಒಂದು ಗರಿಯ ಜೊತೆ ತೂಗುತ್ತಾರಂತೆ, ಭಾರವಾದರೆ ಸುಳ್ಳು ಬಯಲು. ಹೃದಯ ಚಾಡಿ ಹೇಳಬಾರದೆಂದು ಎದೆಯ ಮೇಲೆ ಮಂತ್ರ ಕೆತ್ತಿದ ಜೀರುಂಡೆ ಕಲ್ಲನ್ನೂ ಇಡುತ್ತಿದ್ದರಂತೆ. ನಮ್ಮ ಚಿತ್ರಗುಪ್ತ ಯಾರನ್ನೂ ಏನೂ ಕೇಳುವುದೇ ಇಲ್ಲ. ಇಲ್ಲಿ ನೋಡಿ, ನಮ್ಮ ಬಾಯಿಗೂ ಒಂದು ಅವಕಾಶ! ನನಗೆ ಈ ಧರ್ಮ ಬಹಳ ಹಿಡಿಸಿತು.

ಹಿಡಿಸಲು ಕಾರಣವಿತ್ತು. ಸಂಜೆ ನಾನೊಬ್ಬಳೇ ಬುಸೈತೀನಿನ ನಮ್ಮ ಗಲ್ಲಿಯ ತುದಿಯವರೆಗೆ ವಾಕಿಂಗ್ ಹೋಗುತ್ತೇನೆ. ಅದು ಡಾಕ್ಟರು ಹೇಳಿದ್ದು. ಆ ತುದಿಯ ಕೋಲ್ಡ್ ಸ್ಟೋರಿನಲ್ಲಿ, ಅಂದರೆ ಇಲ್ಲಿನ ದಿನಸಿ ಅಂಗಡಿಯಲ್ಲಿ, ಬಂಟ್ವಾಳದ ಹಮೀದ್ ನನಗೆಂದು ಮುಹರ್ರಕ್ ಹಲ್ವಾ ಎತ್ತಿಟ್ಟಿರುತ್ತಾನೆ. ಅದು ಡಾಕ್ಟರು ಹೇಳದ್ದು. ಕೇಸರಿ, ಏಲಕ್ಕಿ, ಬೆರಳಿಗೆ ಅಂಟುವ ತುಪ್ಪ! ಇಡೀ ದಿನದಲ್ಲಿ ಆ ಒಂದು ಗಂಟೆ ನಾನು ಯಾರ ಅಜ್ಜಿಯೂ ಅಲ್ಲ, ಅತ್ತೆಯೂ ಅಲ್ಲ. ಸೊಸೆ ಸುಮಾ ಮೊದಲೇ ಎಚ್ಚರಿಸಿದ್ದಳು: “ಅತ್ತೆ, ಈ ಸಲ ಮೂರು ತಿಂಗಳ ಶುಗರ್ ಏರಿದ್ರೆ ನಿಮ್ಮ ಒಂಟಿ ವಾಕಿಂಗ್ ಬಂದ್. ಮನೆಯಲ್ಲೇ ಟ್ರೆಡ್‌ಮಿಲ್.” ಮಾಮೂಲಿ ಶುಗರನ್ನು ಒಂದು ದಿನ ಬಾಯಿ ಕಟ್ಟಿ ಮರುಳು ಮಾಡಬಹುದು. ಈ ಮೂರು ತಿಂಗಳದ್ದು ಇದೆಯಲ್ಲ, ಅದು ತೊಂಬತ್ತು ದಿನದ ಚಾಡಿಯನ್ನು ಒಟ್ಟಿಗೇ ಹೇಳುತ್ತದೆ.

“ಆ ಜೀರುಂಡೆ ಕಲ್ಲು ಎಲ್ಲಿ ಸಿಗ್ತದೆ ಮಾರಾಯ್ತಿ?” ಎಂದೆ.

“ಯಾಕಜ್ಜಿ?”

“ಸುಮ್ನೆ. ಜನರಲ್ ನಾಲೆಜ್ಜು.”

ಟೆಸ್ಟಿನ ಹಿಂದಿನ ದಿನ ದಿಯಾ ಅಡುಗೆಮನೆಯ ತೂಕದ ಯಂತ್ರವನ್ನು ಮೇಜಿನ ಮೇಲಿಟ್ಟು, ಗರಿಗೆ ಬದಲು ಟಿಶ್ಯೂ ಹರಿದಿಟ್ಟು, ನನ್ನನ್ನೇ ಸತ್ತವಳನ್ನಾಗಿ ಮಾಡಿ ರಿಹರ್ಸಲ್ ಶುರುಮಾಡಿದಳು. ಸುಮಾ ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಿದ್ದಳು.

“ಕದ್ದಿದ್ದೀರಾ?”

“ಇಲ್ಲ.”

“ಸುಳ್ಳು ಹೇಳಿದ್ದೀರಾ?”

“ಇಲ್ಲ.”

“ಬೇರೆಯವರ ಮಾತು ಕದ್ದು ಕೇಳಿದ್ದೀರಾ?”

ಸುಮಾ ಕೆಮ್ಮಿದಳು. ನನಗೋ ಅಷ್ಟರಲ್ಲಿ ಓಘ ಸಿಕ್ಕಿತ್ತು. “ಇಲ್ಲ. ಹಲ್ವಾನೂ ತಿನ್ಲಿಲ್ಲ!”

ಚಾಕು ನಿಂತಿತು. ದಿಯಾ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. “ಅಜ್ಜಿ, ಲಿಸ್ಟಲ್ಲಿ ಹಲ್ವಾ ಇಲ್ಲ.”

“ಯಾವ ಹಲ್ವಾ ಅತ್ತೆ?” ಎಂದಳು ಸುಮಾ, ತುಂಬಾ ಮೆತ್ತಗೆ.

“ತಿನ್ಲಿಲ್ಲ ಅಂತ್ಲೇ ಹೇಳಿದ್ದಲ್ವಾ ನಾನು?”

ಮರುದಿನ ರಕ್ತ ಕೊಟ್ಟೆ. ಎರಡು ದಿನ ಬಿಟ್ಟು ಬಂದ ರಿಪೋರ್ಟು ಎಲ್ಲವನ್ನೂ ಒದರಿತು. ನಾನು ಮುಖ ಸಣ್ಣದು ಮಾಡಿ ಕೂತೆ. ಸುಮಾ ರಿಪೋರ್ಟು ಮಡಚಿಟ್ಟು, “ಟ್ರೆಡ್‌ಮಿಲ್ ಬೇಡ ಬಿಡಿ. ನಾಳೆಯಿಂದ ನಾನೂ ಬರ್ತೇನೆ” ಎಂದಳು. ಇದಕ್ಕಿಂತ ಟ್ರೆಡ್‌ಮಿಲ್ಲೇ ವಾಸಿ ಎಂದುಕೊಂಡೆ.

ಹದಿನೈದು ದಿನವಾಯಿತು. ಮನೆಯಲ್ಲಿ ಲ್ಯಾಪ್‌ಟಾಪಿನಿಂದ ತಲೆ ಎತ್ತದ ಸೊಸೆ ರಸ್ತೆಗಿಳಿದರೆ ಸಾಕು, ಮಾತೇ ಮಾತು. ಸೀಫಿನ ಅವಳ ಆಫೀಸಿನಲ್ಲಿ ದಿನಾ ಮೀನು ಬಿಸಿ ಮಾಡಿ ಇಡೀ ಮಹಡಿಗೆ ವಾಸನೆ ಹಂಚುವ ಸಾಹೇಬನ ನಡಿಗೆಯನ್ನು ಮೊನ್ನೆ ಅವಳು ಮಾಡಿ ತೋರಿಸಿದಾಗ, ನಗು ತಡೆಯಲಾರದೆ ಇಬ್ಬರೂ ಯಾರದೋ ಕಾರಿಗೆ ಒರಗಿ ನಿಂತೆವು. ಹಮೀದನ ಅಂಗಡಿ ಯಾವಾಗ ದಾಟಿತೋ ನನಗೆ ಗೊತ್ತೇ ಆಗಲಿಲ್ಲ.

ಈಗ ನನಗೆ ಹೊಸ ಚಿಂತೆ. ಮುಂದಿನ ಟೆಸ್ಟಿನಲ್ಲಿ ಸಕ್ಕರೆ ಪೂರ್ತಿ ಇಳಿದರೆ, “ಅತ್ತೆ, ಇನ್ನು ನೀವೊಬ್ರೇ ಹೋಗ್ಬಹುದು” ಎಂದುಬಿಟ್ಟಾಳು. ಅಷ್ಟರೊಳಗೆ ಹೇಗಾದರೂ ಮಾಡಿ ಹಮೀದನಿಂದ ಒಂದೆರಡು ತುಂಡು ತರಿಸಿಕೊಳ್ಳಬೇಕು. ಬಾಯಿ ಚಪಲಕ್ಕಲ್ಲ, ಸೊಸೆಯ ಮೇಲಿನ ಪ್ರೀತಿಗೆ.