ಲಿಫ್ಟಪ್ಪನ ಒಂಬತ್ತನೇ ಕ್ಲಾಸು

ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ಜನರನ್ನು ಮೇಲೆತ್ತುತ್ತಾ ಬಂದ ಮನುಷ್ಯನಿಗೆ, ಸ್ವಂತ ಮಗಳನ್ನು ಒಂಬತ್ತನೇ ಕ್ಲಾಸಿನಿಂದ ಹತ್ತನೇ ಕ್ಲಾಸಿಗೆ, ಅಂದರೆ ಒಂದೇ ಒಂದು ಮಹಡಿ, ಎತ್ತಲು ಆಗುತ್ತಿಲ್ಲ ಎಂದರೆ ಆ ಸಂಕಟವನ್ನು ಯಾರ ಮುಂದೆ ತೋಡಿಕೊಳ್ಳಬೇಕು ಹೇಳಿ?

ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಅವನು ಮನೆಯೊಳಗೂ ಹೊರಗೂ ಲಿಫ್ಟಪ್ಪ. ಮಗಳಿಗೆ ವಿಜ್ಞಾನದಲ್ಲಿ ನೂರಕ್ಕೆ ಇಪ್ಪತ್ತೊಂದು ಬಂದಿತ್ತು. (ಅದರಲ್ಲಿ ಎರಡು ಅಂಕ ಅಂದವಾದ ಚಿತ್ರಕ್ಕೆ. ಚಿತ್ರ ಯಾವುದರದ್ದು ಎಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ.) ಪೋಷಕರ ಸಭೆಯಲ್ಲಿ ವಿಜ್ಞಾನದ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನು ಆರು ವಾರಕ್ಕೆ ವಾರ್ಷಿಕ ಪರೀಕ್ಷೆ. ಮೂವತ್ತೈದು ಬರದಿದ್ದರೆ ಮತ್ತೆ ಅದೇ ಕ್ಲಾಸು, ಅದೇ ಬೆಂಚು. ಹುಡುಗಿ ದಡ್ಡಿಯಲ್ಲ. ಉರು ಹೊಡೀತಾಳೆ, ಯೋಚನೆ ಮಾಡಲ್ಲ, ಅಷ್ಟೇ."

'ಅದೇ ಬೆಂಚು' ಎಂಬ ಮಾತಿಗೆ ಲಿಫ್ಟಪ್ಪ ತಾನು ಕೂತಿದ್ದ ಬೆಂಚಿನ ಅಂಚಿಗೆ ಸರಿದ. "ಯೋಚನೆ ತಾನೆ ಮೇಡಂ? ನಾನು ಮಾಡಿಸ್ತೀನಿ ಬಿಡಿ" ಎಂದು ಎದ್ದು ಬಂದ.

ಅಂದು ಸಂಜೆಯೇ ಜ್ಞಾನೋದ್ಧಾರದ ಮಹಾಯೋಜನೆ ನಡುಮನೆಯ ಗೋಡೆಯನ್ನೇರಿತು. ನಾಲ್ಕು ಬಣ್ಣದ ಟೈಮ್‌ಟೇಬಲ್. ನಲವತ್ತು ನಿಮಿಷ ಓದು, ಐದು ನಿಮಿಷ 'ಮುಕ್ತ ಚಿಂತನೆ', ಮತ್ತೆ ನಲವತ್ತು ನಿಮಿಷ ಓದು.

"ರೀ, ಇದರಲ್ಲಿ ಊಟ ಎಲ್ಲಿದೆ?" ಎಂದಳು ಹೆಂಡತಿ.

"ಹಸಿರು ಬಣ್ಣ ನೋಡೇ."

"ಹಸಿರಿನಲ್ಲಿ ಸ್ನಾನ ಅಂತ ಬರೆದಿದ್ದೀರಿ."

"ಹಾಗಾದರೆ ಊಟ ಭಾನುವಾರ ಇರಬೇಕು. ನಡುವೆ ಬಾಯಿ ಹಾಕಬೇಡ." ಮಗಳ ಕಡೆ ತಿರುಗಿದ. "ನಿನ್ನ ವಯಸ್ಸಿನಲ್ಲಿ ನಾನು ಒಂದಕ್ಷರ ಉರು ಹೊಡೆದವನಲ್ಲ. ಎಲ್ಲ ಸ್ವಂತ ಬುದ್ಧಿ. ಕ್ಲಾಸಿಗೇ ಫಸ್ಟು!"

ಮೂಲೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅವನ ತಾಯಿ ಒಮ್ಮೆ ಕೆಮ್ಮಿದರು. ಆ ಕೆಮ್ಮಿನ ಮಹತ್ವ ಆಗ ಯಾರಿಗೂ ಹೊಳೆಯಲಿಲ್ಲ.

ಮಗಳು ಕಿಟಕಿಯಾಚೆ ನೋಡುತ್ತಾ ರಾಗವಾಗಿ ಶುರುಮಾಡಿದಳು. "ಒತ್ತಡ ಎಂದರೆ ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ವರ್ತಿಸುವ ಬಲ, ಒತ್ತಡ ಎಂದರೆ ಏಕಮಾನ..."

"ಏಕೆ?" ಎಂದು ಗುಡುಗಿದ ಲಿಫ್ಟಪ್ಪ.

"ಏನು ಏಕೆ?"

"ಅದೇ, ಒತ್ತಡ ಏಕೆ?"

"ನೀನು ಪಕ್ಕದಲ್ಲೇ ಕೂತಿದೀಯಲ್ಲ ಅಪ್ಪ, ಅದಕ್ಕೆ."

ಎರಡು ವಾರ ಹೀಗೇ ನಡೆಯಿತು. ಲಿಫ್ಟಪ್ಪ ಎಲ್ಲದಕ್ಕೂ 'ಏಕೆ' ಎಂದ. ಮಗಳು ಎಲ್ಲದಕ್ಕೂ 'ಪುಸ್ತಕದಲ್ಲಿದೆ' ಎಂದಳು. ಆಮೇಲೆ ಶಾಲೆಯಲ್ಲಿ ಟೆಸ್ಟು ಆಯಿತು. ಇಪ್ಪತ್ತಮೂರು! ಎರಡು ವಾರಕ್ಕೆ ಎರಡು ಅಂಕ. ಈ ವೇಗದಲ್ಲಿ ಪಾಸಾಗಲು ಇನ್ನೂ ಹನ್ನೆರಡು ವಾರ ಬೇಕು, ಇದ್ದದ್ದು ನಾಲ್ಕು. ಅಂಕವೂ ಬರಲಿಲ್ಲ, ಮಗಳು ಅಂಕೆಗೂ ಬರಲಿಲ್ಲ.

"ಅಪ್ಪ, ನನ್ನ ಫ್ರೆಂಡ್ಸೆಲ್ಲ ಮೇಲಿನ ಕ್ಲಾಸಿಗೆ ಹೋಗಿಬಿಡ್ತಾರೆ, ಅಲ್ವಾ?" ಎಂದಳು ಅವಳು, ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ, ಬಿಡುತ್ತಾ.

ಲಿಫ್ಟಪ್ಪ ಸಲಕರಣೆ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಬಾಗಿಲು ತೆಗೆಯಲು ಅವನ ಹತ್ತಿರ ಒಂದು ಕೀಲಿಯಿತ್ತು. ಮಗಳ ತಲೆಗೆ ಅಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ? ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ. (ಕೈಯಲ್ಲಿ ಗ್ರೀಸ್ ಇದ್ದದ್ದರಿಂದ ದುಃಖ ಮುಖದ ತುಂಬಾ ಹರಡಿತು.) ಅದೇ ಮುಖದಲ್ಲಿ ಮೇಡಂ ಮುಂದೆ ನಿಂತ.

"ನೀವು ಕಲಿಸೋದು ನಿಲ್ಲಿಸಿ. ಅವಳೇ ನಿಮಗೆ ಪಾಠ ಮಾಡಲಿ. ಇನ್ನೊಬ್ಬರಿಗೆ ಕಲಿಸಬೇಕು ಅಂದರೆ ಯೋಚನೆ ಮಾಡಲೇಬೇಕಲ್ಲ? ನೀವು ಏನೂ ಗೊತ್ತಿಲ್ಲದವರ ಹಾಗೆ ಕೂತಿರಿ, ಸಾಕು" ಎಂದರು ಮೇಡಂ.

"ಅದು ನನಗೆ ಸ್ವಲ್ಪ ಕಷ್ಟ, ಮೇಡಂ."

(ಅಷ್ಟೇನೂ ಕಷ್ಟವಾಗಲಿಲ್ಲ ಎಂಬುದು ಹೆಂಡತಿಯ ಹೇಳಿಕೆ.)

ಮರುದಿನದಿಂದ ಲಿಫ್ಟಪ್ಪ ಚಾಪೆಯ ಮೇಲೆ, ಮಗಳು ಕುರ್ಚಿಯ ಮೇಲೆ, ಅವಳ ಕೈಯಲ್ಲಿ ಮರದ ಸೌಟು. ಪವಾಡವೇ ಆಯಿತು. ಅಪ್ಪ ಅಡ್ಡಪ್ರಶ್ನೆ ಕೇಳಿದಾಗೆಲ್ಲ ಅವಳು ಮೊದಲು ತಡವರಿಸಿದಳು, ಆಮೇಲೆ ಪುಸ್ತಕ ತಿರುವಿದಳು, ಆಮೇಲೆ ಪುಸ್ತಕವನ್ನೇ ಮುಚ್ಚಿ ಬಕೆಟ್ಟು, ಹಗ್ಗ, ಪೊರಕೆ ಹಿಡಿದು ಮಾಡಿ ತೋರಿಸಿದಳು. ಮೂರನೇ ವಾರಕ್ಕೆ 'ಪುಸ್ತಕದಲ್ಲಿದೆ' ಎನ್ನುವ ಮಾತು ಮನೆಯಿಂದ ಮಾಯವಾಯಿತು. ಲಿಫ್ಟಪ್ಪನಿಗೆ ಮಾತ್ರ ತೂಕಡಿಕೆ ಬರುತ್ತಿತ್ತು.

"ಭಾನುವಾರ ನಿನಗೆ ಟೆಸ್ಟು. ಇಪ್ಪತ್ತೈದು ಅಂಕಕ್ಕೆ" ಎಂದಳು ಗುರುಪುತ್ರಿ.

ಭಾನುವಾರ ಪ್ರಶ್ನೆಪತ್ರಿಕೆ ಕಂಡೊಡನೆ ಲಿಫ್ಟಪ್ಪ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಹೆಂಡತಿ ನೋಡುತ್ತಿದ್ದಾಳೆ, ತಾಯಿ ನೋಡುತ್ತಿದ್ದಾರೆ. ಅಷ್ಟರಲ್ಲಿ ಮಗಳು ನೀರು ಕುಡಿಯಲು ಎದ್ದಳು, ಅಮ್ಮ ಅವಳ ಹಿಂದೆಯೇ ಒಳಗೆ ಹೋದಳು, ಅಜ್ಜಿ ಸೂಜಿಗೆ ದಾರ ಪೋಣಿಸಲು ತಲೆ ತಗ್ಗಿಸಿದರು. ಮೇಜಿನ ಮೇಲೆ ನೋಟ್ಸ್ ತೆರೆದೇ ಬಿದ್ದಿತ್ತು. ಮುಂದಿನದನ್ನು ಬಿಡಿಸಿ ಹೇಳಬೇಕೆ?

ಮೌಲ್ಯಮಾಪನ ಶುರುವಾಯಿತು.

"ಐದನೇ ಪ್ರಶ್ನೆ. ಕೌಂಟರ್‌ವೇಟ್ ಎಷ್ಟು ತೂಕ ಇರಬೇಕು?" (ಲಿಫ್ಟಿನ ಪೆಟ್ಟಿಗೆ ಮೇಲೆ ಹೋದಾಗ ಬೆನ್ನಿಗೇ ಕೆಳಗಿಳಿಯುವ ಕಬ್ಬಿಣದ ತೂಕವೇ ಕೌಂಟರ್‌ವೇಟು, ಅದನ್ನು ನೋಡಿಕೊಳ್ಳುವುದೇ ಲಿಫ್ಟಪ್ಪನ ಅನ್ನ.)

"ಖಾಲಿ ಪೆಟ್ಟಿಗೆಯಷ್ಟು."

"ಪೆಟ್ಟಿಗೆಯ ತೂಕ, ಅದರ ಜೊತೆಗೆ ಅದು ಹೊರೋ ಭಾರದಲ್ಲಿ ಸುಮಾರು ಅರ್ಧ ಅಂತ ಊಟಕ್ಕೆ ಕೂತಾಗೆಲ್ಲ ಹೇಳೋರು ಯಾರು?"

"ನಾನೇ."

"ಹಾಗಾದರೆ ನೀನು ಬರೆದದ್ದು ತಪ್ಪು ಅಂತ ನಿನಗೆ ಗೊತ್ತಿತ್ತು?"

"ಗೊತ್ತಿತ್ತು ಕಣೇ! ಆದರೆ ನೋಟ್ಸಿನಲ್ಲಿ ಹಾಗಿತ್ತಲ್ಲ..."

ಮಾತು ಬಾಯಿಂದ ಜಾರಿದ ಮೇಲೆ ಹಿಡಿಯಲು ಲಿಫ್ಟಿಗಿರುವಂಥ ಬ್ರೇಕು ನಾಲಗೆಗಿಲ್ಲ.

"ಅದನ್ನ ಬೇಕಂತಲೇ ತಪ್ಪು ಬರೆದಿಟ್ಟಿದ್ದೆ. ಇಪ್ಪತ್ತೆರಡು ವರ್ಷ ಕೈಯಾರೆ ಮಾಡಿದ್ದನ್ನ ಬಿಟ್ಟು ನನ್ನ ನೋಟ್ಸ್ ನಂಬಿದೆಯಲ್ಲಪ್ಪಾ!" ಮಗಳು ಸೌಟಿನಿಂದ ಮೇಜು ಕುಟ್ಟಿದಳು. "ಹೋಗು, ನಿನ್ನ ಪೋಷಕರನ್ನ ಕರ್ಕೊಂಡು ಬಾ!"

ಪೋಷಕರು ಸೂಜಿ ಬದಿಗಿಟ್ಟು ಮೂಲೆಯಿಂದ ಎದ್ದು ಬಂದರು.

"ಹೊಸದೇನಲ್ಲ ಕಣೇ. ಒಂಬತ್ತನೇ ಕ್ಲಾಸಿನಲ್ಲೂ ನನ್ನನ್ನ ಹೀಗೇ ಕರೆಸಿದ್ರು. ಪಕ್ಕದವನ ಪೇಪರ್ ನೋಡಿ ಇಳಿಸಿದ್ದ. ಅವನು ಕಾಟು ಹೊಡೆದದ್ದನ್ನೂ ಬಿಡದೆ ಬರೆದು, ಆಮೇಲೆ ನೀಟಾಗಿ ಕಾಟು ಹೊಡೆದಿದ್ದ!"

"ಮತ್ತೆ ಕ್ಲಾಸಿಗೇ ಫಸ್ಟು ಅಂತಿದ್ರು?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಫಸ್ಟೇ. ಎರಡನೇ ವರ್ಷವೂ ಅಲ್ಲೇ ಇದ್ನಲ್ಲ, ಹೊಸ ಮಕ್ಕಳಿಗಿಂತ ಮೊದಲೇ ಹೋಗಿ ಕೂತಿರ್ತಿದ್ದ. ಅದೇ ಬೆಂಚು."

ಮಗಳ ನಗು ಅರ್ಧಕ್ಕೆ ನಿಂತಿತು. "ಎರಡು ವರ್ಷಾನಾ, ಅಪ್ಪ?"

ಲಿಫ್ಟಪ್ಪ ಚಾಪೆಯ ಅಂಚು ಕೀಳುತ್ತಾ ತಲೆಯಾಡಿಸಿದ. ಅವಳು ಸೌಟು ಕೆಳಗಿಟ್ಟು, ಕುರ್ಚಿಯಿಂದಿಳಿದು, ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಪುಸ್ತಕವನ್ನು ಇಬ್ಬರ ನಡುವೆ ತೆರೆದಳು.

ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಐವತ್ತೆಂಟು ಬಂತು. ಲಿಫ್ಟಪ್ಪ ಅಂಕಪಟ್ಟಿಯನ್ನು ಮೂರು ಸಲ ಓದಿ, ಕನ್ನಡಕ ಒರೆಸಿ, ನಾಲ್ಕನೇ ಸಲ ಓದಿ ಗಳಗಳನೆ ಅತ್ತ. ಅಂತೂ ಒಂದು ಮಹಡಿ!

ಮಗಳು ಅವನ ಕೈಗೆ ಇನ್ನೊಂದು ಕಾಗದ ಕೊಟ್ಟಳು. ಇಪ್ಪತ್ತೈದಕ್ಕೆ ಏಳು, ಕೆಂಪು ಶಾಯಿಯಲ್ಲಿ. ಕೆಳಗೆ ಅಜ್ಜಿಯ ಸಹಿ.

"ನಾನು ಹತ್ತಕ್ಕೆ ಹೋದೆ ಅಪ್ಪ. ನೀನು ಫೇಲು. ರಜಾ ಪೂರ್ತಿ ಓದಿ ಮತ್ತೆ ಬರೀಬೇಕು."

ಹೀಗೆ ಲಿಫ್ಟಪ್ಪ ನಲವತ್ತೆಂಟನೇ ವಯಸ್ಸಿನಲ್ಲಿ, ಮೂರನೇ ಸಲ, ಒಂಬತ್ತನೇ ಕ್ಲಾಸಿಗೆ ಕೂತ. ಮಧ್ಯಾಹ್ನ ಎರಡಾಯಿತು. ಹೊಟ್ಟೆ ಚುರುಗುಟ್ಟಿತು.

"ಊಟ ಯಾವಾಗ?" ಎಂದು ಅಡುಗೆಮನೆಯ ಕಡೆ ಕೂಗಿದ.

"ಟೈಮ್‌ಟೇಬಲ್ ನೋಡ್ರೀ" ಎಂದಳು ಹೆಂಡತಿ.